ಟೈಟಾನಿಯಂ ಇಂಪ್ಲಾಂಟ್ ಮೇಲೆ ನ್ಯಾನೋ ಕೊಳವೆ: ಪದರ ಕಿತ್ತು ಬರದಂತೆ ಬೆಳೆಸಿದ ಬಗೆ

ಮೂಳೆಕೋಶಗಳು ಚೆನ್ನಾಗಿ ಹಿಡಿದುಕೊಳ್ಳಲೆಂದು, ಮೂಳೆಯೊಳಗೆ ಕೂರುವ ಟೈಟಾನಿಯಂ ಮೇಲೆ ಟೈಟಾನಿಯಂ ಡೈಆಕ್ಸೈಡಿನ ನ್ಯಾನೋ ಕೊಳವೆ ಬೆಳೆಸುವುದು ಅಷ್ಟೇನೂ ಕಷ್ಟವಲ್ಲ. ಹದವಾದ ದ್ರಾವಣ, ಒಂದು ಡಿಸಿ ಪವರ್ ಸಪ್ಲೈ, ಮೂರು ಗಂಟೆ ಬಿಡುವು ಇದ್ದರೆ ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ಜೇನುಗೂಡಿನಂಥ ಚೆಂದದ ಚಿತ್ರ ಸಿಕ್ಕೇ ಸಿಗುತ್ತದೆ. ಕಷ್ಟ ಇರುವುದು ಆ ಪದರ ಲೋಹವನ್ನು ಕಚ್ಚಿಕೊಂಡಿರುವಂತೆ ಮಾಡುವುದರಲ್ಲಿ. ಸ್ಕ್ರೂ ತಿರುಗಿಸುವಾಗ ಪದರ ಉದುರಿದರೆ ಕೊಳವೆ ಎಷ್ಟು ಚೆಂದವಿದ್ದರೂ ಅದು ಮೂಳೆಯ ಪಕ್ಕದಲ್ಲಿ ಬಿದ್ದ ಪುಡಿಯಷ್ಟೇ. ಹಾಗಾಗಿ ನಾನು ಪ್ರತಿ ಹಂತವನ್ನೂ ಕೊಳವೆಯ ಬುಡವನ್ನು ಗಮನದಲ್ಲಿಟ್ಟುಕೊಂಡೇ ಹೊಂದಿಸಿದೆ.

ಮೊದಲು ಬಳಸಿದ್ದು ಗ್ರೇಡ್ 2 ಶುದ್ಧ ಟೈಟಾನಿಯಂ ಬಿಲ್ಲೆಗಳು: 15 ಮಿ.ಮೀ. ವ್ಯಾಸ, 1 ಮಿ.ಮೀ. ದಪ್ಪ. 400, 800, 1200 ನಂಬರಿನ ಸ್ಯಾಂಡ್‌ಪೇಪರಿನಲ್ಲಿ ನೀರು ಹಾಕಿ ಉಜ್ಜಿ, ಅಸಿಟೋನ್, ಎಥನಾಲ್, ಡಿಯಾನೈಸ್ಡ್ ನೀರು ಈ ಮೂರರಲ್ಲೂ ತಲಾ ಹತ್ತು ನಿಮಿಷ ಅಲ್ಟ್ರಾಸೋನಿಕ್ ಸ್ನಾನ ಮಾಡಿಸಿದೆ. ಬೆರಳಿನ ಜಿಡ್ಡು ಉಳಿದ ಕಡೆ ಕೊಳವೆಗಳು ತೇಪೆತೇಪೆಯಾಗಿ ಏಳುತ್ತವೆ. ತೊಳೆದ ಬಿಲ್ಲೆಯನ್ನು ಪ್ಲಾಸ್ಟಿಕ್ ಚಿಮಟದಲ್ಲೇ ಹಿಡಿಯಬೇಕು.

ದ್ರಾವಣ 100 ಮಿ.ಲೀ.ಗೆ ಗ್ಲಿಸರಾಲ್ 50 ಮಿ.ಲೀ., ನೀರು 50 ಮಿ.ಲೀ., ಅಮೋನಿಯಂ ಫ್ಲೋರೈಡ್ 1 ಗ್ರಾಂ. ಗ್ಲಿಸರಾಲ್ ಮಂದವಾದ್ದರಿಂದ ಲವಣವನ್ನು ಮೊದಲು ನೀರಿನಲ್ಲಿ ಕರಗಿಸಿ ಆಮೇಲೆ ಬೆರೆಸಿ, ಅರ್ಧ ಗಂಟೆ ಕಲಕಿ. ಪಾತ್ರೆ ಪಾಲಿಪ್ರೊಪಿಲೀನ್ ಅಥವಾ ಟೆಫ್ಲಾನಿನದೇ ಆಗಿರಲಿ. ಫ್ಲೋರೈಡ್ ಗಾಜನ್ನು ತಿನ್ನುತ್ತದೆ. ಈ ದ್ರಾವಣಕ್ಕೆ ಆಮ್ಲ ತಾಗಿದರೆ ಹೈಡ್ರೋಫ್ಲೋರಿಕ್ ಆಮ್ಲ ಹುಟ್ಟುತ್ತದೆ. ಅದು ಚರ್ಮದೊಳಗೆ ಇಳಿದು, ನೋವು ತಡವಾಗಿ ಗೊತ್ತಾಗುವಂಥದ್ದು. ಫ್ಯೂಮ್ ಹುಡ್, ಎರಡು ಪದರ ನೈಟ್ರೈಲ್ ಗ್ಲೌಸ್, ಮುಖಕವಚ, ಈ ಆಮ್ಲ ತಾಗಿದಲ್ಲಿಗೆ ಹಚ್ಚಲು ಕೈಗೆಟಕುವಲ್ಲಿ ಕ್ಯಾಲ್ಸಿಯಂ ಗ್ಲುಕೋನೇಟ್ ಜೆಲ್ ಇಲ್ಲದೆ ಕೆಲಸ ಶುರು ಮಾಡಲೇಬೇಡಿ.

ಮುಂದಿನದು ಅನೋಡೈಸ್ ಮಾಡುವುದು, ಅಂದರೆ ಲೋಹವನ್ನು ಪ್ಲಸ್ ತುದಿಯಾಗಿಸಿ ಕರೆಂಟ್ ಹರಿಸಿ ಅದರ ಮೇಲೆ ಆಕ್ಸೈಡ್ ಬೆಳೆಸುವುದು. ಬಿಲ್ಲೆಯನ್ನು ಓ-ರಿಂಗ್ (ಸೋರದಂತೆ ತಡೆಯುವ ರಬ್ಬರ್ ಉಂಗುರ) ಇರುವ ಹೋಲ್ಡರಿನಲ್ಲಿ ಕೂರಿಸಿ ಒಂದೇ ಮುಖ ದ್ರಾವಣಕ್ಕೆ ತೆರೆದಿರುವಂತೆ ಮಾಡಿ ಪ್ಲಸ್ ತುದಿಗೆ ಜೋಡಿಸಿದೆ. ಎದುರಿಗೆ 20 ಮಿ.ಮೀ. ದೂರದಲ್ಲಿ ಪ್ಲಾಟಿನಂ ಜಾಲರಿ. ಮೊಸಳೆ ಕ್ಲಿಪ್ಪಿನ ತಾಮ್ರಕ್ಕೆ ದ್ರಾವಣ ಸೋಕಿದರೆ ತಾಮ್ರ ಕರಗಿ ಇಡೀ ಬ್ಯಾಚ್ ಹಾಳು. ವೋಲ್ಟೇಜನ್ನು ಸೆಕೆಂಡಿಗೆ 0.1 ವೋಲ್ಟಿನಂತೆ 200 ಸೆಕೆಂಡುಗಳಲ್ಲಿ 20ಕ್ಕೆ ಏರಿಸಿ ಮೂರು ಗಂಟೆ ಅಲ್ಲೇ ನಿಲ್ಲಿಸಿದೆ. ಕೊಳವೆಯ ವ್ಯಾಸವನ್ನು ಹೆಚ್ಚುಕಡಿಮೆ ನಿರ್ಧರಿಸುವುದೇ ವೋಲ್ಟೇಜು. 20 ವೋಲ್ಟಿನಲ್ಲಿ ಸುಮಾರು 100 ನ್ಯಾನೋಮೀಟರ್. ಕಡಿಮೆ ಮಾಡಿದಷ್ಟೂ ಸಣ್ಣ.

ಇಲ್ಲಿ ಕಣ್ಣಿಡಬೇಕಾದದ್ದು ಕರೆಂಟಿನ ಮೇಲೆ. ಆಕ್ಸೈಡ್ ಪದರ ಕಟ್ಟುತ್ತಿದ್ದಂತೆ ಕರೆಂಟ್ ಸರ್ರನೆ ಇಳಿಯುತ್ತದೆ. ಫ್ಲೋರೈಡ್ ಅದರಲ್ಲಿ ರಂಧ್ರ ಕೊರೆಯಲು ತೊಡಗಿದಾಗ ತುಸು ಏರಿ, ಆಮೇಲೆ ಒಂದೇ ಮಟ್ಟದಲ್ಲಿ ಸಾಗುತ್ತದೆ. ಇಳಿದದ್ದು ಏರದಿದ್ದರೆ ಫ್ಲೋರೈಡ್ ತೂಕ ತಪ್ಪಿದೆ ಎಂದು ತಿಳಿಯಿರಿ. ಇಳಿಯದೇ ಇದ್ದರೆ ಓ-ರಿಂಗ್ ಸೋರುತ್ತಿದೆ, ಇಲ್ಲವೇ ಕ್ಲಿಪ್ ಒದ್ದೆಯಾಗಿದೆ. ಈ ರೇಖೆ ನೋಡಿಯೇ ಕೆಟ್ಟ ಬಿಲ್ಲೆಗಳನ್ನು ಬದಿಗಿಡಬಹುದು, ಮೈಕ್ರೋಸ್ಕೋಪಿನ ತನಕ ಹೋಗಬೇಕಿಲ್ಲ.

ಇನ್ನು ಬುಡದ ವಿಷಯ. ಫ್ಲೋರೈಡ್ ಅಯಾನುಗಳು ಆಕ್ಸೈಡಿನ ಮೂಲಕ ಆಮ್ಲಜನಕದ ಅಯಾನುಗಳಿಗಿಂತ ಬೇಗ ಸಾಗುತ್ತವೆ. ಹಾಗಾಗಿ ಲೋಹ ಮತ್ತು ಕೊಳವೆ ಕೂಡುವಲ್ಲಿ ಫ್ಲೋರೈಡ್ ಹೆಚ್ಚಿರುವ ತೆಳು ಪದರವೊಂದು ಕೂಡಿಕೊಳ್ಳುತ್ತದೆ. ಸಿಪ್ಪೆ ಏಳುವುದು ಅಲ್ಲಿಂದಲೇ. ಉದ್ದ ಕೊಳವೆ ಚಿತ್ರಕ್ಕೆ ಚೆಂದ, ಇಂಪ್ಲಾಂಟಿಗೆ ಬೇಡ. ಒಂದು ಮೈಕ್ರೋಮೀಟರಿನ ಆಸುಪಾಸಿನಲ್ಲೇ ನಿಲ್ಲಿಸುವುದು ಮೇಲು. ಒಣಗಿಸುವಾಗ ಇನ್ನೊಂದು ಅಪಾಯ: ನೀರಿನ ಮೇಲ್ಮೈ ಸೆಳೆತಕ್ಕೆ ಕೊಳವೆಗಳು ಕೂದಲಿನ ಜಡೆಯಂತೆ ಗುಂಪುಗೂಡಿ ವಾಲುತ್ತವೆ. ನೀರು ಮೂರು ಸಲ ಬದಲಿಸಿ ನೆನೆಸಿಟ್ಟು, ಕೊನೆಗೆ ಎಥನಾಲಿನಲ್ಲಿ ಅದ್ದಿ ನಿಧಾನವಾಗಿ ಒಣಗಿಸಿದಾಗ ಇದು ಬಹಳ ಕಡಿಮೆಯಾಯಿತು. ಮೇಲಿನ ಕಸ ತೆಗೆಯಲು ಅಲ್ಟ್ರಾಸೋನಿಕ್ ಬಳಸುವುದಾದರೆ ಕೆಲವೇ ಸೆಕೆಂಡು ಸಾಕು. ನಿಮಿಷಗಟ್ಟಲೆ ಬಿಟ್ಟರೆ ಪದರವೇ ಏಳುತ್ತದೆ.

ಆಗಷ್ಟೇ ತೆಗೆದ ಕೊಳವೆಗೆ ಹರಳಿನ ರಚನೆ ಇರುವುದಿಲ್ಲ. ಗಾಳಿಯಲ್ಲೇ, ನಿಮಿಷಕ್ಕೆ 3 ಡಿಗ್ರಿಯಂತೆ ಏರಿಸಿ 450 ಡಿಗ್ರಿ ಸೆಲ್ಸಿಯಸ್‌ನಲ್ಲಿ ಎರಡು ಗಂಟೆ ಇಟ್ಟು, ಕುಲುಮೆಯೊಳಗೇ ತಣಿಯಲು ಬಿಟ್ಟೆ. ಅನಟೇಸ್, ರೂಟೈಲ್ ಎರಡೂ ಟೈಟಾನಿಯಂ ಡೈಆಕ್ಸೈಡಿನ ಹರಳಿನ ಬಗೆಗಳು. ಹರಳಿನ ರಚನೆ ತೋರಿಸುವ ಎಕ್ಸ್-ರೇ ವಿವರ್ತನೆಯಲ್ಲಿ 25.3 ಡಿಗ್ರಿ ಕೋನದ ಬಳಿ ಅನಟೇಸ್ ಶಿಖರ ಕಂಡರೆ ಸರಿ, 27.4ರ ಬಳಿ ಎದ್ದರೆ ರೂಟೈಲ್ ಆಗಿದೆ, ಕಾವು ಹೆಚ್ಚಾಯಿತು. ಈ ಕಾವಿಗೆ ಉಳಿದ ಫ್ಲೋರೈಡಿನಲ್ಲೂ ಹೆಚ್ಚಿನ ಪಾಲು ಹೊರಟುಹೋಗುತ್ತದೆ. ಈ ಹಂತವನ್ನು ಬಿಟ್ಟು ನೇರವಾಗಿ ಆಟೋಕ್ಲೇವಿಗೆ (ಒತ್ತಡದ ಬಿಸಿ ಹಬೆಯಲ್ಲಿ ಸ್ಟೆರಿಲೈಸ್ ಮಾಡುವ ಯಂತ್ರಕ್ಕೆ) ಹಾಕುವುದು ದೊಡ್ಡ ತಪ್ಪು. ಹರಳಾಗದ ಕೊಳವೆ ಬಿಸಿನೀರಿನಲ್ಲಿ ಕರಗಿ, ಮತ್ತೆ ಅನಟೇಸ್ ಕಣಗಳಾಗಿ ಕೂರುತ್ತದೆ. ಕೊಳವೆಯ ಆಕಾರವೇ ಉಳಿಯುವುದಿಲ್ಲ.

ಎಷ್ಟು ವ್ಯಾಸ ಒಳ್ಳೆಯದು ಎಂಬುದಕ್ಕೆ ಒಂದೇ ಉತ್ತರವಿಲ್ಲ. 2007ರ ಒಂದು ಪ್ರಸಿದ್ಧ ಅಧ್ಯಯನ ಕಾಂಡಕೋಶಗಳಿಗೆ 15 ನ್ಯಾನೋಮೀಟರ್ ಹಿತ, 100 ಮಾರಕ ಎಂದಿತು. 2009ರ ಇನ್ನೊಂದು, 70ರಿಂದ 100 ನ್ಯಾನೋಮೀಟರಿನಲ್ಲೇ ಅವು ಮೂಳೆಕೋಶದತ್ತ ತಿರುಗುತ್ತವೆ ಎಂದು ತೋರಿಸಿತು. ಹರಳಿನ ಬಗೆ, ಉಳಿದ ಫ್ಲೋರೈಡ್, ಸ್ಟೆರಿಲೈಸ್ ಮಾಡಿದ ರೀತಿ, ಮೇಲ್ಮೈ ಎಷ್ಟು ದಿನ ಹಳೆಯದು ಎಂಬುದೆಲ್ಲ ಫಲಿತಾಂಶವನ್ನು ಬದಲಿಸಬಲ್ಲವು. ಗಾಳಿಯ ಹೈಡ್ರೋಕಾರ್ಬನ್ ಕೂತ ಹಳೆಯ ಬಿಲ್ಲೆಯಲ್ಲಿ ನೀರು ಹನಿಯಾಗಿ ನಿಲ್ಲುತ್ತದೆ. ನೇರಳಾತೀತ ಬೆಳಕು ಕೊಟ್ಟರೆ ಮತ್ತೆ ಹರಡುತ್ತದೆ. ಇವನ್ನೆಲ್ಲ ಬರೆದಿಡದೆ ಎರಡು ಬ್ಯಾಚುಗಳನ್ನು ಹೋಲಿಸಬೇಡಿ.

ಕೋಶ ಪರೀಕ್ಷೆಗೆ ಬಿಲ್ಲೆಯನ್ನು ಕೋಶ ಬೆಳೆಸುವ ಮಾಧ್ಯಮದಲ್ಲಿ ನೆನೆಸಿ ಸಾರ ತೆಗೆಯಬೇಕು. ವೈದ್ಯಕೀಯ ಸಾಧನಗಳ ಜೈವಿಕ ಸುರಕ್ಷತೆಯ ಮಾನದಂಡವಾದ ಐಎಸ್‌ಒ 10993ರ 12ನೇ ಭಾಗದ (10993-12) ಪ್ರಕಾರ ಈ ದಪ್ಪಕ್ಕೆ ಮಿ.ಲೀ.ಗೆ 3 ಚದರ ಸೆಂ.ಮೀ. ಲೆಕ್ಕ. ಬಿಲ್ಲೆಯ ಎರಡೂ ಮುಖ, ಅಂಚು ಸೇರಿ ಸುಮಾರು 4 ಚದರ ಸೆಂ.ಮೀ. ಆದ್ದರಿಂದ 1.3 ಮಿ.ಲೀ. ಮಾಧ್ಯಮ, 37 ಡಿಗ್ರಿಯಲ್ಲಿ 24 ಗಂಟೆ. 10993-5ರಲ್ಲಿ ಬದುಕುಳಿದ ಕೋಶ 70 ಶೇಕಡಕ್ಕಿಂತ ಕಡಿಮೆಯಾದರೆ ವಿಷಕಾರಿ ಎಂದರ್ಥ. ಉದುರಿದ ಚೂರುಗಳು ಬೆಳಕನ್ನು ಚದುರಿಸಿ ಎಂಟಿಟಿ (ಬದುಕಿರುವ ಕೋಶಗಳನ್ನು ಬಣ್ಣದಿಂದ ಅಳೆಯುವ ಪರೀಕ್ಷೆ) ಓದನ್ನು ತಪ್ಪಿಸುತ್ತವೆ, ಹಾಗಾಗಿ ಓದುವ ಮುನ್ನ ಸೆಂಟ್ರಿಫ್ಯೂಜ್ ಮಾಡಿ. ಅದೇ ಸಾರದಲ್ಲಿ ಅಯಾನ್-ಸೆಲೆಕ್ಟಿವ್ ಎಲೆಕ್ಟ್ರೋಡಿನಿಂದ ಫ್ಲೋರೈಡನ್ನೂ ಅಳೆಯಿರಿ.

ಬಿಲ್ಲೆಯಿಂದ ಸ್ಕ್ರೂವಿಗೆ ಹೋದಾಗ ಜಾಲರಿಯನ್ನು ಕೊಳವೆಯಂತೆ ಸುತ್ತಿ, ಸ್ಕ್ರೂವನ್ನು ಅದರ ನಡುವೆ ನಿಲ್ಲಿಸಬೇಕು. ಇಲ್ಲವಾದರೆ ಸ್ಕ್ರೂವಿನ ಎಳೆಗಳ (ಥ್ರೆಡ್) ಒಂದು ಬದಿಯಲ್ಲಿ ಮಾತ್ರ ಪದರ ಚೆನ್ನಾಗಿ ಬೆಳೆಯುತ್ತದೆ. ಟೈಟಾನಿಯಂ-6 ಅಲ್ಯುಮಿನಿಯಂ-4 ವೆನೇಡಿಯಂ ಮಿಶ್ರಲೋಹವಾದರೆ ಅದರ ಎರಡು ಬಗೆಯ ಹರಳು ಭಾಗಗಳಲ್ಲಿ ವೆನೇಡಿಯಂ ಹೆಚ್ಚಿರುವ ಬೀಟಾ ಭಾಗ ಬೇಗ ಕರಗಿ ಕುಳಿ ಬೀಳುತ್ತದೆ, ಪದರ ಶುದ್ಧ ಲೋಹದಷ್ಟು ಸಮನಾಗಿರುವುದಿಲ್ಲ. ಸ್ಕ್ರೂ ಸಿದ್ಧವಾದ ಮೇಲೆ ಮೂಳೆಯ ಬದಲಿಗೆ ಬಳಸುವ ಪಾಲಿಯುರೆಥೇನ್ ಫೋಮಿಗೆ ತಿರುಗಿಸಿ, ಹಿಂದಕ್ಕೆ ತೆಗೆದು, ಎಳೆಗಳ ನೆತ್ತಿಯನ್ನು ಮೈಕ್ರೋಸ್ಕೋಪಿನಲ್ಲಿ ನೋಡಿ. ಪದರ ಮೊದಲು ಹೋಗುವುದು ಅಲ್ಲೇ. ಅಲ್ಲಿ ಬೆತ್ತಲೆ ಲೋಹ ಕಂಡರೆ ಅನೋಡೈಸ್ ಮಾಡುವ ಸಮಯವನ್ನು ಇಳಿಸಿ ಕೊಳವೆಯನ್ನು ಇನ್ನಷ್ಟು ಗಿಡ್ಡ ಮಾಡಿ, ಇದೇ ಪರೀಕ್ಷೆಯನ್ನು ಮತ್ತೆ ಮಾಡಿ.