ಗಂಗೋತ್ರಿಗೆ ಹೊಸಬರೇ? ಜೊತೆಗಾರರನ್ನು ಹೀಗೆ ಹುಡುಕಿ

ಮೈಸೂರು ವಿಶ್ವವಿದ್ಯಾಲಯದ ಕ್ಯಾಂಪಸ್ ಮಾನಸಗಂಗೋತ್ರಿಗೆ ಎಂ.ಎ., ಎಂ.ಎಸ್ಸಿ. ಓದಲು ಬರುವವರು ವರ್ಷವೂ ಒಂದೇ ತಪ್ಪು ಮಾಡುವುದನ್ನು ನೋಡುತ್ತಿದ್ದೇನೆ. ಬೀದರಿನವರು ಬೀದರಿನವರ ಜೊತೆ, ಹಾಸನದವರು ಹಾಸನದವರ ಜೊತೆ. ಮೊದಲ ವಾರ ಕಟ್ಟಿಕೊಂಡ ಗುಂಪು ಎರಡು ವರ್ಷವೂ ಹಾಗೇ ಉಳಿದುಬಿಡುತ್ತದೆ. 1916ರಲ್ಲಿ ಶುರುವಾದ ಈ ವಿಶ್ವವಿದ್ಯಾಲಯಕ್ಕೆ ಇರಾನ್, ಅಫ್ಘಾನಿಸ್ತಾನದಿಂದಲೂ ಜನ ಓದಲು ಬಂದಿದ್ದಾರೆ. ಅಂಥ ಕಡೆ ನಮ್ಮ ತಾಲ್ಲೂಕಿನವರನ್ನಷ್ಟೇ ಪರಿಚಯ ಮಾಡಿಕೊಂಡು ಹೋದರೆ ನಷ್ಟ ಅಲ್ವಾ?

ಮೊದಲು ಹಾಸ್ಟೆಲ್‌ಗೆ ಅರ್ಜಿ ಹಾಕಿ. ಊರು ಹತ್ತಿರ ಇದ್ದರೂ ಸರಿ.

ಆಮೇಲೆ ಓಪನ್ ಎಲೆಕ್ಟಿವ್. ಬೇರೆ ವಿಭಾಗದ ಪಾಠ ಕೇಳಲು ಇರುವ ಅವಕಾಶ ಇದು. ಮಾರ್ಕ್ಸ್ ಸುಲಭ ಅಂತ ಗೆಳೆಯರೆಲ್ಲ ಸೇರಿ ಒಂದೇ ಪೇಪರ್ ತೆಗೆದುಕೊಳ್ಳಬೇಡಿ. ಒಬ್ಬರೇ ಹೋಗಿ.

ಮೂರನೆಯದು ಮೆಸ್ಸಿನ ಮೇಜು. ಜಾಸ್ತಿ ಜನ ಎಡವುವುದು ಇಲ್ಲೇ. ವಾರದಲ್ಲಿ ಎರಡು ದಿನ ನಿಮ್ಮ ಗುಂಪು ಬಿಟ್ಟು ಬೇರೆ ಮೇಜಿಗೆ ಹೋಗಿ. ಜೊತೆಗೆ ಇನ್ನೊಬ್ಬರನ್ನು ಕರೆದುಕೊಂಡು ಹೋದರೆ ನೀವಿಬ್ಬರೇ ಮಾತಾಡಿಕೊಂಡು ಎದ್ದು ಬರುತ್ತೀರಿ. "ಇಲ್ಲಿ ಕೂತ್ಕೊಳ್ಳಲಾ?" ಅಂತ ಕೇಳಿ ಕೂತುಬಿಡಿ.

ಮೊದಲ ಪ್ರಶ್ನೆಯಲ್ಲೇ ಎಲ್ಲ ಕೆಡುತ್ತದೆ. "ಪೂರ್ತಿ ಹೆಸರೇನು?", "ನೀವು ಯಾವ ಪೈಕಿ?", "ಮನೇಲಿ ನಾನ್‌ವೆಜ್ ಮಾಡ್ತೀರಾ?", "ಸೀಟು ಯಾವ ಕೋಟಾದಲ್ಲಿ ಸಿಕ್ತು?" ಇವೆಲ್ಲ ಜಾತಿ ಕೇಳುವ ದಾರಿಗಳು. ಕೇಳಿದವರು ಏನೂ ಅಂದುಕೊಂಡಿರದಿದ್ದರೂ, ಕೇಳಿಸಿಕೊಂಡವರಿಗೆ ಆ ಕ್ಷಣವೇ ಗೊತ್ತಾಗುತ್ತದೆ. ಇಂಥ ಒಂದು ಪ್ರಶ್ನೆ ಕೇಳಿಸಿಕೊಂಡ ರಾಯಚೂರು ಕಡೆಯ ಹುಡುಗಿಯೊಬ್ಬಳು ಒಂದು ತಿಂಗಳು ತಟ್ಟೆ ಹಿಡಿದು ರೂಮಿಗೇ ಹೋಗಿ ಊಟ ಮಾಡಿದ್ದನ್ನು ಕಂಡಿದ್ದೇನೆ. ದಯವಿಟ್ಟು ಕೇಳಬೇಡಿ.

ಬದಲಿಗೆ ಊಟದಿಂದಲೇ ಶುರು ಮಾಡಿ. ಇಲ್ಲಿನ ಸಾರು ಒಗ್ಗಿತಾ, ಜೋಳದ ರೊಟ್ಟಿ ಎಲ್ಲಿ ಸಿಗುತ್ತೆ, ಮುದ್ದೆ ನುಂಗೋದು ಹೇಗೆ. ಅವರು "ಹೌದ್ರಿ" ಅಂದರೆ, "ಎಂತ" ಅಂದರೆ, ಅದನ್ನೇ ತಿರುಗಿಸಿ ಹೇಳಿ ನಗಬೇಡಿ. ಒಂದು ಸಲ ಹಾಗೆ ನಕ್ಕರೆ ಅವರು ಆಮೇಲೆ ಬಾಯಿ ಬಿಡುವುದೇ ಇಲ್ಲ. ಟಿಬೆಟಿಯನ್ ಮುಖ ಕಂಡ ಕೂಡಲೇ "ಯಾವ ದೇಶ?" ಅನ್ನುವುದೂ ಬೇಡ. ಅವರು ಇದೇ ಜಿಲ್ಲೆಯ ಬೈಲಕುಪ್ಪೆಯಲ್ಲಿ ಹುಟ್ಟಿ, ನಿಮ್ಮಷ್ಟೇ ಚೆನ್ನಾಗಿ ಕನ್ನಡ ಮಾತಾಡುವವರಿರಬಹುದು. ಹೊರದೇಶದವರು ಸಿಕ್ಕರೆ ಇಂಗ್ಲಿಷ್ ರೂಢಿ ಮಾಡಿಕೊಳ್ಳೋಣ ಅಂತ, ಸೆಲ್ಫಿ ತೆಗೆಯೋಣ ಅಂತ ಹೋಗಬೇಡಿ. "ಎಷ್ಟು?", "ಸಾಕು" ಅನ್ನುವ ಎರಡು ಮಾತು ಕಲಿಸಿಕೊಡಿ. ಅಂಗಡಿಯಲ್ಲೂ ಆಟೊದಲ್ಲೂ ಅವರಿಗೆ ಬೇಕಾಗುವುದು ಅದೇ.

ಮೊದಲ ಊಟಕ್ಕಿಂತ ಎರಡನೆಯದು ಮುಖ್ಯ. ಅವರು ಹೇಳಿದ್ದನ್ನು ನೆನಪಿಟ್ಟುಕೊಂಡು ಹೋಗಿ. "ತಂಗಿಗೆ ಪರೀಕ್ಷೆ ಅಂದಿದ್ರಲ್ಲ, ಹೇಗಾಯ್ತು?" ಇಷ್ಟು ಸಾಕು. ಮುಂದಿನ ಸಲ ಅವರೇ ಪಕ್ಕಕ್ಕೆ ಸರಿದು ಜಾಗ ಕೊಡುತ್ತಾರೆ.

ವಾಟ್ಸಾಪ್ ಗ್ರೂಪಿನಿಂದ ಇದು ಆಗುವುದಿಲ್ಲ. ಅದನ್ನು ನೋಟ್ಸಿಗೆ ಇಟ್ಟುಕೊಳ್ಳಿ. ದುಡ್ಡು ತೆಗೆದುಕೊಂಡು ಮೂರು ದಿನ ವ್ಯಕ್ತಿತ್ವ ವಿಕಸನ ಕಲಿಸುವ ಶಿಬಿರಗಳೂ ಬೇಡ. ಆ ದುಡ್ಡಿಗೆ ಒಂದು ಸೆಮಿಸ್ಟರ್ ಪೂರ್ತಿ ನಾಲ್ಕು ಜನಕ್ಕೆ ಟೀ ಕೊಡಿಸಬಹುದು. ಎನ್‌ಎಸ್‌ಎಸ್‌ಗೆ ಮಾತ್ರ ಖಂಡಿತ ಸೇರಿ. ಏಳು ದಿನದ ಶಿಬಿರದಲ್ಲಿ ಒಟ್ಟಿಗೆ ಅಡುಗೆ ಮಾಡಿ, ಚರಂಡಿ ತೆಗೆದು, ಒಂದೇ ಹಾಲ್‌ನಲ್ಲಿ ಮಲಗಿ ಎದ್ದವರು ಆಮೇಲೆ ದೂರವಾಗುವುದು ಕಷ್ಟ.

ಗೆಳೆತನ ಸ್ವಲ್ಪ ಕುದುರಿದ ಮೇಲೆ ಬೆಳಗ್ಗೆ ಕುಕ್ಕರಹಳ್ಳಿ ಕೆರೆಗೆ ಒಂದು ಸುತ್ತು ಕರೆಯಿರಿ. ಹೆಜ್ಜಾರ್ಲೆ ಹಕ್ಕಿಗಳನ್ನು ನೋಡುತ್ತಾ ಸುಮ್ನೆ ನಡೆಯಬಹುದು. ಮಾತು ತಾನಾಗಿ ಬರುತ್ತದೆ.

ಕೊನೆಯದು ಹಬ್ಬ. ಟಿಬೆಟಿಯನ್ನರ ಲೋಸಾರ್ ಫೆಬ್ರವರಿ, ಮಾರ್ಚ್ ಹೊತ್ತಿಗೆ ಬರುತ್ತದೆ. ಇರಾನಿನವರ ನೌರೋಜ್ ಮಾರ್ಚ್ 20 ಅಥವಾ 21ಕ್ಕೆ. ಅದರ ಆಚೀಚೆಯೇ ನಮ್ಮ ಯುಗಾದಿ. ಮೂರೂ ಹೊಸ ವರ್ಷವೇ. ಅವರು ಕರೆದರೆ ಹಣ್ಣು ತೆಗೆದುಕೊಂಡು ಹೋಗಿ, ಯುಗಾದಿಗೆ ನೀವು ಊರಿಗೆ ಕರೆಯಿರಿ. ಕರೆಯುವ ಮೊದಲು ಅಮ್ಮನಿಗೆ, ಅಜ್ಜಿಗೆ ಫೋನ್ ಮಾಡಿ ಎರಡು ಮಾತು ಹೇಳಿಬಿಡಿ. ಬರುವವರನ್ನು ಜಾತಿ ಕೇಳಬಾರದು. ಅವರಿಗೆ ಬೇರೆ ತಟ್ಟೆ, ಬೇರೆ ಲೋಟ ಇಡಬಾರದು, ನನ್ನ ಪಕ್ಕದಲ್ಲೇ ಎಲೆ ಹಾಕಬೇಕು.