ಸೆಕೆಯ ಊರಿನಲ್ಲಿ ರೆಸಿನ್ ಟ್ರೇ

ರೆಸಿನ್ ಟ್ರೇ ಮಾಡುವ ವಿಡಿಯೊಗಳಲ್ಲಿ ಎಲ್ಲವೂ ಸಲೀಸು. ಎರಡು ದ್ರವ ಬೆರೆಸುತ್ತಾರೆ, ಬಣ್ಣ ಹಾಕುತ್ತಾರೆ, ಸಿಲಿಕೋನ್ ಅಚ್ಚಿಗೆ ಸುರಿಯುತ್ತಾರೆ, ಮರುದಿನ ಫಳಫಳ ಹೊಳೆಯುವ ಟ್ರೇ ಕೈಗೆ ಬರುತ್ತದೆ. ಅದೇ ಕೆಲಸವನ್ನು ಜುಲೈ ತಿಂಗಳಲ್ಲಿ ನಮ್ಮ ಕರಾವಳಿಯ ಕದ್ರಿಯಲ್ಲೋ ಮಣಿಪಾಲದಲ್ಲೋ ಮಾಡಿ ನೋಡಿ. ಟ್ರೇ ಮೇಲೆಲ್ಲ ಜಿಡ್ಡು, ಒಳಗೆ ಮಸುಕು. ರೆಸಿನ್ ಕಂಪನಿಯನ್ನು ಬೈಯುವ ಮೊದಲು ಕೋಣೆಯ ಗಾಳಿಯನ್ನು ಗಮನಿಸಬೇಕು.

ಈ ಟ್ರೇಗೆ ಬಳಸುವ ಎಪಾಕ್ಸಿ ರೆಸಿನ್ ಅಂದರೆ ಎರಡು ಬಾಟಲಿಯ ಜೋಡಿ. ಒಂದರಲ್ಲಿ ರೆಸಿನ್, ಇನ್ನೊಂದರಲ್ಲಿ ಹಾರ್ಡನರ್. ಹಾರ್ಡನರ್‌ನಲ್ಲಿರುವ ಅಮೈನ್ ಎಂಬ ರಾಸಾಯನಿಕ ರೆಸಿನ್ ಜೊತೆ ಸೇರಿದರೆ ಗಟ್ಟಿಯಾಗುತ್ತದೆ. ಗಾಳಿಯಲ್ಲಿ ತೇವ ಜಾಸ್ತಿ ಇದ್ದರೆ ಅಮೈನ್‌ನ ಸ್ವಲ್ಪ ಭಾಗ ನೀರಿನಂಶ ಮತ್ತು ಇಂಗಾಲದ ಡೈಆಕ್ಸೈಡ್ ಜೊತೆ ಸೇರಿಕೊಂಡು ಮೇಲ್ಮೈಯಲ್ಲಿ ಮೇಣದಂಥ ಪದರ ಕಟ್ಟುತ್ತದೆ. ಜಿಡ್ಡು ಬರುವುದು ಇದರಿಂದಲೇ.

ಹಾಗಾಗಿ ಮೊದಲ ಖರೀದಿ ರೆಸಿನ್ ಅಲ್ಲ, ಹೈಗ್ರೋಮೀಟರ್. ಗಾಳಿಯ ತೇವ ಅಳೆಯುವ ಈ ಪುಟ್ಟ ಯಂತ್ರ ಆನ್‌ಲೈನ್‌ನಲ್ಲಿ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಅದು ಶೇ 60ಕ್ಕಿಂತ ಕಡಿಮೆ ತೋರಿಸಿದರೆ ಧೈರ್ಯವಾಗಿ ಶುರು ಮಾಡಿ. ಶೇ 75 ದಾಟಿದ್ದರೆ ಬಾಟಲಿಯ ಮುಚ್ಚಳ ತೆಗೆಯಲೇಬೇಡಿ. ಯಂತ್ರ ಇಲ್ಲದಿದ್ದರೆ ಕರಿದ ಹಪ್ಪಳವನ್ನು ತಟ್ಟೆಯಲ್ಲಿ ತೆರೆದಿಡಿ. ಅರ್ಧ ಗಂಟೆಯಲ್ಲಿ ಮೆತ್ತಗಾದರೆ ಅವತ್ತು ರೆಸಿನ್ ಕೆಲಸ ಬೇಡ.

ನಮ್ಮಲ್ಲಿ ಇದಕ್ಕೆ ಒಳ್ಳೆಯ ಕಾಲ ಡಿಸೆಂಬರ್‌ನಿಂದ ಫೆಬ್ರುವರಿ, ಅದರಲ್ಲೂ ಬಿಸಿಲೇರಿದ ಮೇಲೆ. ಉಳಿದ ತಿಂಗಳುಗಳಲ್ಲಿ ಮಾಡಲೇಬೇಕೆಂದರೆ ಎಸಿ ಬೇಕು. ಕೆಲಸಕ್ಕೆ ಒಂದು ಗಂಟೆ ಮೊದಲೇ ಬಾಗಿಲು ಹಾಕಿ ಡ್ರೈ ಮೋಡ್‌ನಲ್ಲಿ ಬಿಡಿ, 25-26 ಡಿಗ್ರಿ ಸಾಕು. ಇನ್ನೂ ತಣ್ಣಗೆ ಮಾಡಿದರೆ ರೆಸಿನ್ ಮಂದವಾಗಿ ಗುಳ್ಳೆಗಳು ಒಳಗೇ ಉಳಿಯುತ್ತವೆ. ಇಲ್ಲೊಂದು ಇಕ್ಕಟ್ಟಿದೆ. ರೆಸಿನ್ ಆವಿಗೆ ಕಿಟಕಿ ತೆರೆದಿರಬೇಕು, ತೇವ ಬರದಿರಲು ಮುಚ್ಚಿರಬೇಕು. ಕೋಣೆ ಮುಚ್ಚಿದ್ದರೆ ರಾಸಾಯನಿಕ ಆವಿ ಹೀರುವ ಆರ್ಗ್ಯಾನಿಕ್ ವೇಪರ್ ಕಾರ್ಟ್ರಿಜ್ ಇರುವ ಮಾಸ್ಕ್ ಹಾಕಿಕೊಳ್ಳಲೇಬೇಕು. ಎನ್‌95 ಧೂಳನ್ನು ತಡೆಯುತ್ತದೆ, ಆವಿಯನ್ನಲ್ಲ. ಸುರಿದಾದ ಮೇಲೆ ಬಾಗಿಲು ಹಾಕಿ ಹೊರಗೆ ಬನ್ನಿ, ಆ ರಾತ್ರಿ ಆ ಕೋಣೆಯಲ್ಲಿ ಯಾರೂ ಮಲಗಬಾರದು.

ಕೈಗೆ ನೈಟ್ರೈಲ್ ಗ್ಲೌಸ್ ಹಾಕಿ. ಎಪಾಕ್ಸಿ ಚರ್ಮಕ್ಕೆ ಪದೇ ಪದೇ ತಾಗಿದರೆ ಅಲರ್ಜಿ ಶುರುವಾಗಬಹುದು. ಒಮ್ಮೆ ಶುರುವಾದರೆ ಸಾಮಾನ್ಯವಾಗಿ ಜೀವನಪೂರ್ತಿ ಹೋಗುವುದಿಲ್ಲ. ಅಪ್ಪಿತಪ್ಪಿ ತಾಗಿದರೆ ಸೋಪು ನೀರಿನಲ್ಲಿ ತೊಳೆಯಿರಿ. ಥಿನ್ನರ್, ಅಸಿಟೋನ್ ಹಚ್ಚಿ ಉಜ್ಜುವವರಿದ್ದಾರೆ. ಅದು ರೆಸಿನ್ನನ್ನು ಚರ್ಮದ ಒಳಗೇ ಇಳಿಸುತ್ತದೆ.

ಯಾವ ರೆಸಿನ್, ಯಾವ ಅಚ್ಚು?

ಮಲ್ಪೆಯಲ್ಲಿ ಫೈಬರ್ ದೋಣಿ ಕೆಲಸ ಮಾಡುವ ಪರಿಚಯದವರು ‘ಒಂದು ಲೀಟರ್ ನಾನೇ ಕೊಡ್ತೇನೆ ಮಾರಾಯ್ರೆ’ ಅಂದರೆ ಥ್ಯಾಂಕ್ಸ್ ಹೇಳಿ ಸುಮ್ಮನಾಗಿ. ದೋಣಿಗೆ ಸಾಮಾನ್ಯವಾಗಿ ಬಳಸುವುದು ಪಾಲಿಯೆಸ್ಟರ್ ರೆಸಿನ್. ಅದರ ವಾಸನೆ ಮನೆಯೊಳಗೆ ತಡೆಯಲಾಗದು, ಗಟ್ಟಿಯಾಗುವ ರೀತಿಯೂ ಬೇರೆ. ಅಂಟಿಸಲು ತರುವ ಅರಾಲ್ಡೈಟ್ ಕೂಡ ಇದಕ್ಕೆ ಆಗದು. ಡಬ್ಬದ ಮೇಲೆ ಆರ್ಟ್ ರೆಸಿನ್ ಅಥವಾ ಕಾಸ್ಟಿಂಗ್ ರೆಸಿನ್ ಎಂದು ಬರೆದಿರಬೇಕು. ಒಂದು ಸಲಕ್ಕೆ ಎಷ್ಟು ದಪ್ಪ ಸುರಿಯಬಹುದು ಅನ್ನುವುದನ್ನೂ ಅಲ್ಲೇ ನೋಡಿಕೊಳ್ಳಿ.

ಅಚ್ಚಿನಲ್ಲಿ ಎರಡು ಬಗೆ. ಸುತ್ತ ಆಳವಾದ ಕಾಲುವೆ, ನಡುವೆ ಎತ್ತರದ ಜಗಲಿ ಇದ್ದರೆ ಟ್ರೇ ತಲೆಕೆಳಗಾಗಿ ತಯಾರಾಗುತ್ತದೆ. ಅಚ್ಚಿಗೆ ತಾಗಿದ ಭಾಗವೇ ಟ್ರೇಯ ಮುಖ. ಸಪಾಟಾದ ಅಚ್ಚಿನಲ್ಲಿ ಮುಖ ಮೇಲಕ್ಕಿರುತ್ತದೆ. ಅಲೆಯ ವಿನ್ಯಾಸ ಮಾಡುವುದಾದರೆ ಎರಡನೆಯದೇ ಬೇಕು, ಯಾಕೆಂದರೆ ಅಲೆಯನ್ನು ಮೇಲಿನಿಂದ ಗಾಳಿ ಊದಿ ಎಬ್ಬಿಸುತ್ತೇವೆ. ತಲೆಕೆಳಗಿನ ಅಚ್ಚಾದರೆ ಒಳಮೈಯಲ್ಲಿ ಗೀರು ಇದೆಯೇ ನೋಡಿ. ಅಚ್ಚಿನಲ್ಲಿರುವ ಪ್ರತಿ ಗೀರೂ ಟ್ರೇ ಮೇಲೆ ಅಚ್ಚಾಗುತ್ತದೆ.

ಇನ್ನು ವಿನ್ಯಾಸ. ಎಲ್ಲರ ಟ್ರೇಯಲ್ಲೂ ಮಾಲ್ಡೀವ್ಸ್‌ನ ನೀಲಿ ಕಡಲು ನೋಡಿ ನೋಡಿ ಸಾಕಾಗಿದೆ. ಪಣಂಬೂರಿನಲ್ಲಿ ನಿಂತು ನೋಡಿದರೆ ಕಾಣುವುದು ಹಸಿರು ಬೆರೆತ ಬೂದು, ಸಂಜೆಗೆ ತಾಮ್ರ. ನನಗಂತೂ ಆ ಬಣ್ಣವೇ ಚಂದ. ದಡಕ್ಕೆ ಬಿಳಿ ಮರಳಿನ ಬದಲು ಮುರಕಲ್ಲಿನ ಕೆಂಪು ಕೊಟ್ಟರೆ ನಮ್ಮೂರಿನದೇ ಟ್ರೇ ಆಗುತ್ತದೆ.

ಮಲ್ಲಿಗೆ ಹಾಕಬಹುದೇ ಎಂದು ಕೇಳುವವರು ಬಹಳ. ಉಡುಪಿ ಮಲ್ಲಿಗೆ ಮುಡಿಯಲಿಕ್ಕೇ ಸರಿ. ಹಸಿ ಹೂವಿನ ನೀರಿನಂಶ ರೆಸಿನ್ ಕೆಡಿಸುತ್ತದೆ, ಒಣಗಿಸಿ ಹಾಕಿದರೂ ಬಿಳಿ ಎಸಳು ಕಂದಾಗುತ್ತದೆ. ಕಾಗದದ ಹೂವು, ಅಂದರೆ ಬೋಗನ್‌ವಿಲ್ಲ, ಒಣಗಿದ ಮೇಲೂ ಬಣ್ಣ ಹಿಡಿದುಕೊಳ್ಳುತ್ತದೆ. ಪುಸ್ತಕದ ನಡುವೆ ಒತ್ತಿಟ್ಟ ಜರಿಗಿಡದ ಎಲೆಯೂ ಚೆನ್ನಾಗಿರುತ್ತದೆ. ಮಳೆಗಾಲದಲ್ಲಿ ಪುಸ್ತಕವೇ ಬೂಸ್ಟು ಹಿಡಿಯುವ ಊರು ನಮ್ಮದು, ಹಾಗಾಗಿ ತೇವ ಹೀರುವ ಸಿಲಿಕಾ ಜೆಲ್ ಹಾಕಿದ ಡಬ್ಬದಲ್ಲಿ ಒಂದು ವಾರ ಇಡುವುದು ಕ್ಷೇಮ. ಚಿಪ್ಪು, ಕಲ್ಲು ಬೇಕೆಂದು ಸೇಂಟ್ ಮೇರೀಸ್ ದ್ವೀಪದಿಂದ ಏನನ್ನೂ ಎತ್ತಿಕೊಂಡು ಬರಬೇಡಿ. ಅಲ್ಲಿನ ಕಲ್ಲುಕಂಬಗಳು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ.

ಮರಳು ಬಳಸುವುದಾದರೆ ಅಂಗಡಿಯ ಕ್ರಾಫ್ಟ್ ಮರಳು ಸುಲಭ. ಕಡಲ ಮರಳೇ ಮನೆಯಲ್ಲಿದ್ದರೆ ಉಪ್ಪು ಹೋಗುವವರೆಗೆ ಸಿಹಿನೀರಿನಲ್ಲಿ ಮೂರ್ನಾಲ್ಕು ಸಲ ತೊಳೆಯಿರಿ. ಉಪ್ಪು ಉಳಿದರೆ ಅದು ಗಾಳಿಯ ತೇವ ಎಳೆಯುತ್ತಲೇ ಇರುತ್ತದೆ. ಬಿಸಿಲಿನಲ್ಲಿ ಒಣಗಿಸಿದರೆ ಸಾಲದು. ಹಳೆಯ ಕಬ್ಬಿಣದ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಹುರಿಯಿರಿ. ಮೊದಲು ಮರಳು ಸೌಟಿಗೆ ಅಂಟುತ್ತದೆ, ಆವಿ ಏಳುತ್ತದೆ. ಆಮೇಲೆ ಬಣ್ಣ ತಿಳಿಯಾಗಿ ಸೌಟಿನಿಂದ ಸರಸರ ಜಾರುತ್ತದೆ. ಅಲ್ಲಿಗೆ ಒಣಗಿತು ಅಂತ ಅರ್ಥ. ಪೂರ್ತಿ ಆರಿದ ಮೇಲೆ ಗಾಳಿಯಾಡದ ಡಬ್ಬಕ್ಕೆ ತುಂಬಿ. ಬಿಸಿ ಮರಳು ಹಾಕಿದರೆ ಆ ಜಾಗದ ರೆಸಿನ್ ಬೇಗ ಕಟ್ಟಿಕೊಳ್ಳುತ್ತದೆ.

ಅಳತೆ ಮತ್ತು ಬೆರಕೆ

30 ಸೆಂ.ಮೀ. ಉದ್ದ, 20 ಸೆಂ.ಮೀ. ಅಗಲ, 6 ಮಿ.ಮೀ. ದಪ್ಪದ ಟ್ರೇಗೆ ಲೆಕ್ಕ ಹೀಗೆ: 30 ಗುಣಿಸು 20 ಗುಣಿಸು 0.6, ಅಂದರೆ 360 ಮಿ.ಲೀ. ರೆಸಿನ್ ನೀರಿಗಿಂತ ಸ್ವಲ್ಪ ಭಾರ, ಹಾಗಾಗಿ ತೂಕದಲ್ಲಿ ಸುಮಾರು 400 ಗ್ರಾಂ. ಅಚ್ಚಿಗೆ ನೀರು ತುಂಬಿ ಅಳೆಯುವ ಉಪಾಯ ಬೇಡ, ಮೂಲೆಯಲ್ಲಿ ಉಳಿದ ಒಂದು ಹನಿಯೂ ಕಲೆ ಮಾಡುತ್ತದೆ.

ಡಬ್ಬದ ಮೇಲೆ 3:1, ಅಂದರೆ ಮೂರು ಪಾಲು ರೆಸಿನ್ನಿಗೆ ಒಂದು ಪಾಲು ಹಾರ್ಡನರ್, ಎಂದಿದ್ದರೆ ಅದು ತೂಕದ್ದೋ ಅಳತೆ ಲೋಟದ್ದೋ ನೋಡಿ. ಹೊಸಬರು ಎಡವುವುದು ಇಲ್ಲೇ. ಹಾರ್ಡನರ್ ರೆಸಿನ್‌ಗಿಂತ ಹಗುರ, ಆದ್ದರಿಂದ ಎರಡೂ ಒಂದೇ ಅಲ್ಲ. ತೂಕದ ಪ್ರಮಾಣವಾದರೆ ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು. ಬೇಗ ಗಟ್ಟಿಯಾಗಲಿ ಎಂದು ಹಾರ್ಡನರ್ ಜಾಸ್ತಿ ಹಾಕಿದರೆ ಟ್ರೇ ಯಾವತ್ತೂ ಸರಿಯಾಗಿ ಗಟ್ಟಿಯಾಗುವುದಿಲ್ಲ.

ತೂಕದಲ್ಲಿ 3:1 ಎಂದಿಟ್ಟುಕೊಂಡು ಎರಡು ಸಲ ಸುರಿಯೋಣ. ತಳಕ್ಕೆ 240 ಗ್ರಾಂ, ಅಂದರೆ 180 ಗ್ರಾಂ ರೆಸಿನ್, 60 ಗ್ರಾಂ ಹಾರ್ಡನರ್. ಅಲೆಗೆ 160 ಗ್ರಾಂ, 120 ಮತ್ತು 40.

ಬೆರೆಸುವ ಮೊದಲು ಜಾಗ ನೋಡಿ. ಅಡುಗೆ ಕಟ್ಟೆ ಬೇಡ, ಅದಕ್ಕೆ ಸಿಂಕ್ ಕಡೆಗೆ ಇಳಿಜಾರು ಕೊಟ್ಟಿರುತ್ತಾರೆ. ಮೇಜಿನ ಮೇಲೆ ಪ್ಲೈವುಡ್ ತುಂಡು ಇಟ್ಟು, ಅದರ ಮೇಲೆ ಅಚ್ಚು ಇಟ್ಟು, ಗಾರೆ ಕೆಲಸದವರ ರಸಮಟ್ಟ ಇಟ್ಟು ಎರಡೂ ದಿಕ್ಕಿನಲ್ಲಿ ನೋಡಿ. ತಗ್ಗಿದ ಕಡೆ ಪ್ಲೈವುಡ್ ಅಡಿಗೆ ಕಾಗದ ಮಡಚಿ ಕೊಡಿ.

ಮೊಸರಿನ ಪ್ಲಾಸ್ಟಿಕ್ ಡಬ್ಬ ತೊಳೆದು ಒಣಗಿಸಿದ್ದರೆ ಬೆರೆಸಲು ಅದೇ ಸಾಕು. ಮೇಣ ಸವರಿದ ಪೇಪರ್ ಕಪ್ ಬೇಡ. ಸಿಲಿಕೋನ್ ಸೌಟಿನಿಂದ ಮೂರ್ನಾಲ್ಕು ನಿಮಿಷ ನಿಧಾನವಾಗಿ ತಿರುಗಿಸಿ. ಬದಿ, ತಳ ಕೆರೆಯುತ್ತಾ ಇರಿ. ಮೊದಲು ಸಕ್ಕರೆ ಪಾಕದ ಎಳೆಯಂಥ ಗೆರೆಗಳು ಕಾಣುತ್ತವೆ. ಅವೆಲ್ಲ ಹೋಗಿ ತಿಳಿಯಾಗಬೇಕು. ಆಮೇಲೆ ಇನ್ನೊಂದು ಡಬ್ಬಕ್ಕೆ ಸುರಿದು ಮತ್ತೆ ಒಂದು ನಿಮಿಷ ತಿರುಗಿಸಿ. ಹಳೆಯ ಡಬ್ಬದ ಗೋಡೆಗೆ ಅಂಟಿದ್ದನ್ನು ಕೆರೆದು ಹಾಕಬೇಡಿ, ಟ್ರೇ ಮೇಲೆ ಅಲ್ಲಲ್ಲಿ ಅಂಟಂಟು ಉಳಿಯುವುದು ಅದರಿಂದಲೇ.

ಬಣ್ಣ ಒಟ್ಟು ತೂಕದ ಶೇ 5 ದಾಟದಿರಲಿ. 240 ಗ್ರಾಂಗೆ 12 ಗ್ರಾಂ ಅಂದರೆ ಅದೇ ಜಾಸ್ತಿ. ನೀರು ಬೆರೆತ ಪೋಸ್ಟರ್ ಬಣ್ಣ ಬೇಡ, ರೆಸಿನ್‌ಗೆಂದೇ ಬರುವ ಪೇಸ್ಟ್ ಅಥವಾ ಮೈಕಾ ಪುಡಿ ತನ್ನಿ.

ಸುರಿಯುವುದು

ಬೆರೆಸಿದ ಮೇಲೆ ಸುರಿದು ಮುಗಿಸಲು 40 ನಿಮಿಷ ಎಂದು ಡಬ್ಬದ ಮೇಲೆ ಬರೆದಿದ್ದರೆ ಅದು ಸಾಮಾನ್ಯವಾಗಿ 25 ಡಿಗ್ರಿಯ ಲೆಕ್ಕ. ಏಪ್ರಿಲ್‌ನ 33 ಡಿಗ್ರಿಯಲ್ಲಿ 25 ನಿಮಿಷ ಸಿಕ್ಕಿದರೆ ಹೆಚ್ಚು. ಬೆರೆಸಿದ್ದನ್ನು ಡಬ್ಬದಲ್ಲೇ ಬಿಟ್ಟು ಫೋನ್ ಎತ್ತಿಕೊಂಡರೆ ಇನ್ನೂ ಕಷ್ಟ. ಒಂದೇ ಕಡೆ ಗುಡ್ಡೆಯಾಗಿದ್ದರೆ ರೆಸಿನ್ ತಾನೇ ಬಿಸಿಯಾಗಿ ಹೊಗೆಯಾಡುತ್ತದೆ. ಡಬ್ಬ ಸುಡತೊಡಗಿದರೆ ಹೊರಗೆ ಅಂಗಳದ ನೆಲದ ಮೇಲಿಟ್ಟು ದೂರ ಬನ್ನಿ.

ತಳದ ಪದರವನ್ನು ಸಣ್ಣ ಧಾರೆಯಾಗಿ ಸುರಿಯಿರಿ. ಗುಳ್ಳೆಗಳ ಮೇಲೆ ಬಿಸಿಗಾಳಿ ಊದುವ ಹೀಟ್ ಗನ್ ಆಡಿಸಿ, ಒಂದೇ ಕಡೆ ನಿಲ್ಲಿಸಬೇಡಿ. ಬೆಂಕಿ ಟಾರ್ಚ್ ತಾಗಿದರೆ ಸಿಲಿಕೋನ್ ಅಚ್ಚು ಹಾಳು. ಕೂಡಲೇ ರಟ್ಟಿನ ಪೆಟ್ಟಿಗೆ ಮುಚ್ಚಿ. ದೀಪ ಹಚ್ಚುವ ಹೊತ್ತಿಗೆ ಈ ಕೆಲಸ ಇಟ್ಟುಕೊಂಡರೆ ಮಳೆಹುಳಗಳು ಟ್ರೇಯೊಳಗೆ ಶಾಶ್ವತವಾಗಿ ಉಳಿದುಕೊಳ್ಳುತ್ತವೆ.

ನಾಲ್ಕೈದು ಗಂಟೆಯ ಮೇಲೆ ಗ್ಲೌಸ್ ಹಾಕಿದ ಬೆರಳಿನಿಂದ ಮೂಲೆ ಮುಟ್ಟಿ. ಅಂಟಬೇಕು, ಆದರೆ ಕೈಗೆ ಬರಬಾರದು. ಎರಡನೇ ಪದರಕ್ಕೆ ಅದೇ ಹದ. ಪೂರ್ತಿ ಗಟ್ಟಿಯಾಗಿದ್ದರೆ 220 ನಂಬರಿನ ಸ್ಯಾಂಡ್‌ಪೇಪರ್ ಉಜ್ಜಿ, ಒರೆಸಿ, ಮತ್ತೆ ಸುರಿಯಬೇಕಾಗುತ್ತದೆ.

ಅಲೆಗೆ ಒಂದು ಬದಿಯಲ್ಲಿ ದಡ, ಇನ್ನೊಂದು ಬದಿಯಲ್ಲಿ ಕಡಲ ಬಣ್ಣ ಹರಡಿ. ಎರಡೂ ಸೇರುವ ಗೆರೆಯಲ್ಲಿ ಬಣ್ಣವಿಲ್ಲದ ರೆಸಿನ್, ಅದರ ಅಂಚಿಗೆ ಬಿಳಿ ರೆಸಿನ್ನಿನ ತೆಳು ಗೆರೆ ಎಳೆಯಿರಿ. ಸ್ವಲ್ಪ ಹೊತ್ತು ಬಿಟ್ಟು, ರೆಸಿನ್ ಜೇನಿನಷ್ಟು ಮಂದವಾದಾಗ ಹೀಟ್ ಗನ್‌ನಿಂದ ಬಿಳಿಯನ್ನು ದಡದ ಕಡೆಗೆ ತಳ್ಳಿ. ನೀಳವಾಗಿ ಹರಡಿ, ಅಲ್ಲಲ್ಲಿ ತೂತು ಬಿದ್ದು, ನೊರೆ ತಾನಾಗಿ ಮೂಡುತ್ತದೆ. ಎರಡು ಮೂರು ಸೆಕೆಂಡಿನ ಊದು ಸಾಕು. ಚಂದ ಕಂಡ ಕೂಡಲೇ ನಿಲ್ಲಿಸಿ, ಇನ್ನೊಮ್ಮೆ ಊದಿದರೆ ಎಲ್ಲ ಕಲಸಿ ಬೂದು ಬಣ್ಣವಾಗುತ್ತದೆ.

ಬಿಡಿಸುವುದು, ಬಳಸುವುದು

ಮರುದಿನ, ಅಂದರೆ 24 ಗಂಟೆಯ ಮೇಲೆ, ಹೊರಗೆ ಕಾಣದ ಅಂಚಿನಲ್ಲಿ ಉಗುರು ಒತ್ತಿ. ಗುರುತು ಬಿದ್ದರೆ ಇನ್ನೊಂದು ದಿನ ಬಿಡಿ. ಗಟ್ಟಿಯಾಗಿದ್ದರೆ ಸುತ್ತಲೂ ಅಂಚು ಸಡಿಲಿಸಿ, ಗಾಳಿ ಒಳಗೆ ಹೋದ ಮೇಲೆ ಎತ್ತಿ. ಮೇಲೆ ಜಿಡ್ಡು ಇದ್ದರೆ ಹೆದರಬೇಡಿ. ಉಗುರು ಬೆಚ್ಚಗಿನ ನೀರು, ಪಾತ್ರೆ ಸೋಪು, ಸ್ಕ್ರಬರ್ ಹಾಕಿ ತೊಳೆದರೆ ಹೋಗುತ್ತದೆ. ತೊಳೆಯದೆ ಅದರ ಮೇಲೆ ಇನ್ನೊಂದು ಕೋಟ್ ಹಾಕಿದರೆ ಮಾತ್ರ ಹಿಡಿಯುವುದಿಲ್ಲ. ಚೂಪಾದ ಅಂಚನ್ನು 400 ನಂಬರಿನ ಪೇಪರ್‌ನಿಂದ, ನೀರು ಹಾಕಿಕೊಂಡೇ ಉಜ್ಜಿ. ಒಣದಾಗಿ ಉಜ್ಜಿದಾಗ ಏಳುವ ಧೂಳು ಶ್ವಾಸಕ್ಕೆ ಒಳ್ಳೆಯದಲ್ಲ.

ಹಿಡಿಕೆ ಕೂರಿಸಲು ಮೂರು ದಿನ ಕಾಯಿರಿ. ತೂತು ಮಾಡುವ ಜಾಗಕ್ಕೆ ಟೇಪ್ ಅಂಟಿಸಿ, ಡ್ರಿಲ್ ನಿಧಾನ ವೇಗದಲ್ಲಿರಲಿ. ಸ್ಕ್ರೂಗೆ ವಾಷರ್ ಹಾಕಿ, ತುಂಬ ಬಿಗಿಯಬೇಡಿ.

ಪೂರ್ತಿ ಬಲ ಬರಲು ಒಂದು ವಾರ ಬೇಕು. ಆಮೇಲೂ ಸಾಮಾನ್ಯ ಆರ್ಟ್ ರೆಸಿನ್ 50-60 ಡಿಗ್ರಿಗೆ ಮೆತ್ತಗಾಗುತ್ತದೆ. ಹಬೆಯಾಡುವ ಕಾಫಿ ಲೋಟ ನೇರವಾಗಿ ಇಟ್ಟರೆ ವೃತ್ತದ ಗುರುತು ಖಂಡಿತ, ಕೆಳಗೆ ಕೋಸ್ಟರ್ ಇಡಿ. ಗೋಳಿಬಜೆಯನ್ನೂ ತಟ್ಟೆಯಲ್ಲಿಟ್ಟು ಆಮೇಲೆ ಟ್ರೇಯಲ್ಲಿಡಿ. ಬಿಸಿಲು ಬೀಳುವ ಕಿಟಕಿಯ ಬಳಿ ಇಟ್ಟರೆ ಹಳದಿಯಾಗುತ್ತದೆ, ಸ್ಯಾನಿಟೈಸರ್‌ನಿಂದ ಒರೆಸಿದರೆ ಹೊಳಪು ಹೋಗುತ್ತದೆ.

ಉಳಿದ ರೆಸಿನ್ನನ್ನು ಸಿಂಕ್‌ಗೆ ಚೆಲ್ಲಬೇಡಿ, ಪೈಪಿನೊಳಗೇ ಕಲ್ಲಾಗುತ್ತದೆ. ಡಬ್ಬದಲ್ಲಿ ತೆಳುವಾಗಿ ಹರಡಿ ಗಟ್ಟಿಯಾಗಲು ಬಿಟ್ಟು ಒಣಕಸಕ್ಕೆ ಹಾಕಿ. ಅಚ್ಚಿಗೆ ಅಂಟಿದ ಚೂರುಗಳನ್ನು ಸೆಲ್ಲೋಟೇಪ್ ಒತ್ತಿ ಎತ್ತಿ, ಸೋಪು ನೀರಿನಲ್ಲಿ ತೊಳೆದು ಒಣಗಿಸಿ. ಮಡಚದೆ ಚಪ್ಪಟೆಯಾಗಿಡಿ. ಬಾಟಲಿಗಳ ಬಾಯಿ ಒರೆಸಿ ಮುಚ್ಚಳ ಬಿಗಿ ಮಾಡಿ, ಹಾರ್ಡನರ್‌ನದ್ದಂತೂ ಎರಡು ಸಲ ನೋಡಿ.