ಅಪ್ಪನ ಧೋತರ ಉಟ್ಟು ಅಂಕೋರ್ ನೋಡಿದೆ

ಬಾಗಲಕೋಟೆ ಬಿಟ್ಟ ರಾತ್ರಿಯೇ ಬಸ್ಸು ಚಿತ್ರದುರ್ಗದ ಹತ್ತಿರ ಕೆಟ್ಟು ನಿಂತಿತು. ಬೆಂಗಳೂರಿನ ವಿಮಾನ ಹೇಗೋ ಸಿಕ್ಕಿತು, ಬ್ಯಾಂಕಾಕಿನಲ್ಲಿ ಮುಂದಿನದು ತಪ್ಪಿತು. ಮರುದಿನ ಕಾಂಬೋಡಿಯಾದ ಸಿಯೆಂ ರೀಪ್‌ನಲ್ಲಿ ಇಳಿದಾಗ ಅಪ್ಪನ ಚೀಲ ಬಂದಿತ್ತು, ನನ್ನದು ಬಂದಿರಲಿಲ್ಲ. ಅವ್ವ ಕಟ್ಟಿಕೊಟ್ಟಿದ್ದ ಕಡಕ್ ರೊಟ್ಟಿ, ಶೇಂಗಾ ಚಟ್ನಿ ಅದರಲ್ಲೇ ಇತ್ತು.

ಮೈಮೇಲೆ ಇದ್ದದ್ದು ಒಂದು ಟೀ ಶರ್ಟು, ಒಂದು ಚಡ್ಡಿ. ನಾವು ನೋಡಲು ಬಂದದ್ದು ಊರ ಪಕ್ಕದ ಅಂಕೋರ್‌ನ ಹಳೆಯ ಗುಡಿಗಳನ್ನು, ಅಲ್ಲಿ ಭುಜ, ಮೊಣಕಾಲು ಮುಚ್ಚಿರಬೇಕು. "ನನ್ನ ಧೋತರ ಉಟ್ಕೋ, ಸುಮ್ನ ಯಾಕ ರೊಕ್ಕಾ ಹಾಳ ಮಾಡ್ತಿ?" ಅಂದರು ಅಪ್ಪ. ಹೋಟೆಲ್ ರೂಮಿನಲ್ಲಿ ನಿಲ್ಲಿಸಿ ಕಚ್ಚೆ ಹಾಕಿಕೊಟ್ಟರು. ಟುಕ್‌ಟುಕ್ ಹುಡುಗ ನೋಡಿದವನೇ ನಕ್ಕು "ಸಂಪೊತ್!" ಅಂದ. ಅಲ್ಲಿನ ಹಳೆಯ ಉಡುಗೆಯ ಹೆಸರದು, ಅದಕ್ಕೂ ನಮ್ಮ ಹಾಗೇ ಹಿಂದೆ ಕಚ್ಚೆ ಸಿಗಿಸುತ್ತಾರೆ. ಮೂರು ದಿನ ಹಾಗೇ ಓಡಾಡಿದೆ.

ಅಂಕೋರ್‌ನ ಟಿಕೆಟ್ ಮೂರು ದಿನದ್ದು ತೆಗೆದುಕೊಳ್ಳಿ. ನಾವು ಹೋದಾಗ 62 ಡಾಲರ್ ಇತ್ತು. ಒಂದು ದಿನದ್ದು 37, ಆದರೆ ಒಂದೇ ದಿನದಲ್ಲಿ ಓಡಿದರೆ ಕಾಲು ನೋಯುವುದಷ್ಟೇ ಲಾಭ. ಇನ್ನೊಂದು ಮಾತು, ಸ್ವಲ್ಪ ಹರಿದ ಡಾಲರ್ ನೋಟನ್ನೂ ಅಲ್ಲಿ ಯಾರೂ ಮುಟ್ಟಲ್ಲ. ನನ್ನ 50ರ ನೋಟು ಹಾಗೇ ಊರಿಗೆ ವಾಪಸ್ ಬಂತು.

ಮೊದಲ ದಿನ ಮಧ್ಯಾಹ್ನ ಅಂಕೋರ್ ವಾಟ್. ಎರಡನೇ ಸೂರ್ಯವರ್ಮ 12ನೇ ಶತಮಾನದಲ್ಲಿ ವಿಷ್ಣುವಿಗಾಗಿ ಕಟ್ಟಿಸಿದ್ದು. ಗುಡಿಯ ಮುಖ ಪಶ್ಚಿಮಕ್ಕಿದೆ, ಹಾಗಾಗಿ ಮಧ್ಯಾಹ್ನದ ಬಿಸಿಲು ನೇರ ಮೈಮೇಲೆ ಬೀಳುತ್ತದೆ. ಸೂರ್ಯೋದಯದ ಫೋಟೋಗೆ ಎಲ್ಲರೂ ನಸುಕಿನಲ್ಲೇ ನೂಕಾಡುತ್ತಾರೆ, ನನಗೇನೋ ಮಧ್ಯಾಹ್ನವೇ ಚೆಂದ ಅನಿಸಿತು. ಅಪ್ಪ ಕಲ್ಲು ಮುಟ್ಟಿ ನೋಡಿ, "ನಮ್ಮ ಬಾದಾಮಿ ಕಲ್ಲಿನ ಹಂಗ ಐತಲ್ಲೋ" ಅಂದರು. ಅದೂ ಮರಳುಗಲ್ಲೇ. ಆದರೆ ಬಾದಾಮಿಯಲ್ಲಿ ಗುಡ್ಡವನ್ನೇ ಕೊರೆದರು, ಇವರು ಕುಲೆನ್ ಬೆಟ್ಟದಿಂದ ಕಲ್ಲು ತಂದು ಜೋಡಿಸಿದರು.

ಮೇಲಿನ ಅಂತಸ್ತು ಹತ್ತಲು ಹೋದರೆ ಬಾಗಿಲು ಬಂದ್. ಬೌದ್ಧರ ಪವಿತ್ರ ದಿನಗಳಲ್ಲಿ ಅಲ್ಲಿ ಬಿಡುವುದಿಲ್ಲವಂತೆ. ಅಷ್ಟು ದೂರದಿಂದ ಬಂದು ಇದೇ ದಿನ ಸಿಗಬೇಕಾ? ಸಿಟ್ಟಿನಲ್ಲಿ ಕೆಳಗಿನ ಮೊಗಸಾಲೆಗೆ ಬಂದೆವು. ಸಮುದ್ರ ಮಥನ ಸಿಕ್ಕಿದ್ದು ಅಲ್ಲೇ. ಸುಮಾರು 49 ಮೀಟರ್ ಉದ್ದದ ಒಂದೇ ಗೋಡೆ. ಅಪ್ಪ ಒಂದು ತುದಿಯಿಂದ ಎಣಿಸುತ್ತಾ ಹೊರಟರು. ಅಸುರರು 92, ದೇವತೆಗಳು 88. ನಡುವೆ ಲೆಕ್ಕ ತಪ್ಪಿ ಎರಡು ಸಲ ಮತ್ತೆ ಮೊದಲಿಂದ ಶುರು ಮಾಡಿದರು. ಗೈಡ್ ಬೇಕೇ ಆಗಲಿಲ್ಲ, ಕಥೆ ನಮ್ಮದೇ ಅಲ್ವಾ. ಕೊನೆಗೆ ಪಕ್ಕದ ವಿದೇಶಿಗರಿಗೂ ಅಪ್ಪ ಕೈಸನ್ನೆಯಲ್ಲೇ ವಾಸುಕಿಯನ್ನು ತೋರಿಸುತ್ತಿದ್ದರು. ಮೇಲಿನ ಅಂತಸ್ತನ್ನು ಮರುದಿನ ನೋಡಿದೆವು. ಮೆಟ್ಟಿಲು ಕಡಿದು, ಅಷ್ಟೇ.

ಅಂಕೋರ್‌ನ ಇನ್ನೊಂದು ಗುಡಿ ಬಾಯೊನ್‌ಗೆ ಎಲ್ಲರೂ ಗೋಪುರದ ದೊಡ್ಡ ಮುಖಗಳನ್ನು ನೋಡಲು ಹೋಗುತ್ತಾರೆ. ನೀವು ಹೊರಗಿನ ಗೋಡೆಯನ್ನೂ ಬಿಡಬೇಡಿ. ಕೋಳಿ ಅಂಕ, ಸಂತೆ, ಅಡುಗೆ ಎಲ್ಲವೂ ಕಲ್ಲಿನಲ್ಲಿದೆ.

ಮೂರನೇ ದಿನ ಬಂತೇಯ್ ಸ್ರೈಗೆ ಹೊರಟಾಗ ಟುಕ್‌ಟುಕ್ ಪಂಕ್ಚರ್. ಒಂದು ತಾಸು ಹೋಯಿತು. ನಾವು ಮುಟ್ಟುವ ಹೊತ್ತಿಗೆ ಟೂರಿಸ್ಟ್ ಬಸ್ಸುಗಳು ವಾಪಸ್ ಹೊರಟಿದ್ದವು, ಗುಡಿ ಹೆಚ್ಚುಕಡಿಮೆ ನಮ್ಮದೇ. 967ರ ಚಿಕ್ಕ ಶಿವನ ಗುಡಿ, ಕೆಂಪು ಕಲ್ಲು, ಕೆತ್ತನೆ ಮಾತ್ರ ಮರದ ಮೇಲೆ ಮಾಡಿದಷ್ಟು ಸಣ್ಣ. ಇಲ್ಲಿನ ಶಿಲ್ಪಗಳನ್ನು ಕಿತ್ತು ಮಾರಲು ಹೋಗಿ 1923ರಲ್ಲಿ ಸಿಕ್ಕಿಬಿದ್ದ ಫ್ರೆಂಚ್ ಲೇಖಕ ಆಂದ್ರೆ ಮಾಲ್ರೊ ಮುಂದೆ ಫ್ರಾನ್ಸಿನ ಸಂಸ್ಕೃತಿ ಮಂತ್ರಿಯಾದ, ನೋಡಿ! ಒಂದು ಕಡೆ ರಾವಣ ಕೈಲಾಸ ಅಲುಗಾಡಿಸುತ್ತಿದ್ದಾನೆ. ಹೆದರಿದ ಉಮೆ ಶಿವನಿಗೆ ಆತುಕೊಂಡಿದ್ದಾಳೆ. ಪಟ್ಟದಕಲ್ಲಿನ ವಿರೂಪಾಕ್ಷ ಗುಡಿಯಲ್ಲೂ ಇದೇ ರಾವಣ ಇದ್ದಾನೆ. ಯಾವುದು ಚೆಂದ ಅಂತ ನಾವಿಬ್ಬರೂ ಅಲ್ಲೇ ಜಗಳಕ್ಕೆ ಬಿದ್ದೆವು. ಅಪ್ಪ ಪಟ್ಟದಕಲ್ಲು ಬಿಟ್ಟುಕೊಡಲಿಲ್ಲ.

ಆ ಸಂಜೆ ಚೀಲ ಬಂತು. ರೊಟ್ಟಿ ಪೂರ್ತಿ ಪುಡಿಯಾಗಿತ್ತು. ಪುಡಿಯ ಮೇಲೆ ಶೇಂಗಾ ಚಟ್ನಿ ಉದುರಿಸಿ ಟುಕ್‌ಟುಕ್ ಹುಡುಗನ ಅಂಗೈಗೂ ಹಾಕಿದೆವು. ಒಂದು ಸಲ ಕೆಮ್ಮಿದ, ನೀರು ಕುಡಿದ, ಮತ್ತೆ ಕೈ ಚಾಚಿದ.